ಕೈಕೆಲಸದ ಜಾತ್ರೆ ಮತ್ತು ನಾವು
(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಕಲೆಯ ವಿಷಯದಲ್ಲಿ ಭಾಷಣ ಮಾಡುವ ಯೋಗ್ಯತೆ ನನಗಿದೆಯೆಂದು ನಾನೇನೂ ತಿಳಿದಿಲ್ಲ. ಆದರೆ ಹದಿನಾಲ್ಕು ವರ್ಷ ಇದೇ ಪುಣೆಯ ಹೋಟೆಲುಗಳಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ಮೇಜು ಒರೆಸಿ ಉಂಡವನು. ಕೈಯ ಕೆಲಸಕ್ಕೆ ಬೆಲೆ ಕಟ್ಟುವವರು ಯಾರು, ಆ ಬೆಲೆ ಯಾರ ಕಿಸೆಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳು ನನಗೆ ಅಂದಿನಿಂದಲೂ ಗೊತ್ತು. ಅಷ್ಟರ ಬಲದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ಕಳೆದ ಸಭೆಯಲ್ಲಿ ಭೀಮಥಡಿ ಜಾತ್ರೆಯ ಮಾತೆತ್ತಿದಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, “ಅದೇನಪ್ಪಾ, ಕಾರಿನಲ್ಲಿ ಬರುವವರು ಮಡಕೆ ಕೊಳ್ಳುವ ಜಾತ್ರೆ. ತಟ್ಟೆ ತೊಳೆಯುವ ನಮಗೆ ಅದರಿಂದ ಏನು?” ಎಂದು ಕೇಳಿದರು. ಬಹಳ ಮಂದಿ ನಕ್ಕಿರಿ. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಕೊಡುವ ಸಲುವಾಗಿಯೇ ಇಂದು ನಿಂತಿದ್ದೇನೆ.

ಆ ಜಾತ್ರೆಯನ್ನು ನೋಡದವರಿಗಾಗಿ ಹೇಳುತ್ತೇನೆ. ಬಾರಾಮತಿಯ ಅಗ್ರಿಕಲ್ಚರಲ್ ಡೆವಲಪ್‌ಮೆಂಟ್ ಟ್ರಸ್ಟಿನವರು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಇದನ್ನು ನಡೆಸುತ್ತ ಬಂದಿದ್ದಾರೆ. ಡಿಸೆಂಬರ್ ತಿಂಗಳಲ್ಲಿ ಶಿವಾಜಿನಗರದ ಕಡೆ ಕೃಷಿ ಕಾಲೇಜಿನ ಮೈದಾನದಲ್ಲಿ ಸಾಲುಸಾಲಾಗಿ ಮಳಿಗೆಗಳು ಏಳುತ್ತವೆ. ಹಳ್ಳಿಯ ಹೆಂಗಸರ ಬಚತ್ ಗಟಗಳೇ ಅದರ ಜೀವ. ಒಂದು ಕಡೆ ಪಿಠಲಾ ಭಾಕರಿ ಬೇಯುತ್ತಿರುತ್ತದೆ, ಇನ್ನೊಂದು ಕಡೆ ಗೋಧಡಿ, ಮಣ್ಣಿನ ಪಾತ್ರೆ, ಬಿದಿರಿನ ಬುಟ್ಟಿ, ಚರ್ಮದ ಚಪ್ಪಲಿ. ಹಳೆಯ ಕೈಗೆಲಸದ ಪಕ್ಕದಲ್ಲೇ ಹೊಸ ಹುಡುಗ ಹುಡುಗಿಯರು ಅದೇ ಕೆಲಸವನ್ನು ಹೊಸ ರೀತಿಯಲ್ಲಿ ಮಾಡಿ ತಂದಿಟ್ಟಿರುತ್ತಾರೆ.

ಭೀಮಥಡಿ ಎಂಬ ಹೆಸರನ್ನು ಕೇಳಿರಿ. ಥಡಿ ಎಂದರೆ ನಮ್ಮ ತಡಿಯೇ. ಹೊಳೆಯ ದಡ. ಭೀಮೆ ಇದೇ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುತ್ತದೆ. ನಮ್ಮ ಹೋಟೆಲುಗಳ ಮೋರಿಯ ನೀರು ಸೇರುವ ಮುಳಾ-ಮುಠಾ ಕೂಡ ಹೋಗಿ ಅದಕ್ಕೇ ಸೇರುತ್ತದೆ. ಪಂಢರಪುರ ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿಯ ನೆಲ ಮುಟ್ಟಿ, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡುತ್ತದೆ. ಮೇಲಿನ ತಡಿಯಲ್ಲಿ ಮರಾಠಿ, ಕೆಳಗಿನ ತಡಿಯಲ್ಲಿ ಕನ್ನಡ. ನೀರಿಗೆ ಭಾಷೆಯ ಹಂಗಿಲ್ಲ. ಈ ಜಾತ್ರೆಯಲ್ಲಿ ಇಟ್ಟ ಸಾಮಾನುಗಳದ್ದೂ ಹೆಚ್ಚು ಕಡಿಮೆ ಅದೇ ಕಥೆ.

ಒಮ್ಮೆ ನಾನು ಊರಿನ ಒಂದು ಅಂಗಡಿಯ ಮುಂದೆ ನಮ್ಮ ಸಂಘದ ಒಬ್ಬ ಹುಡುಗನ ಜೊತೆ ನಿಂತಿದ್ದೆ. ಅವನು ಗುಳೇದಗುಡ್ಡದ ಕಡೆಯವನು, ಮಗ್ಗದ ಮನೆಯಲ್ಲಿ ಹುಟ್ಟಿದವನು, ಈಗ ಸಪ್ಲೈಯರ್ ಕೆಲಸದಲ್ಲಿದ್ದಾನೆ. ಅಂಗಡಿಯಲ್ಲಿ ಖಣದ ಕೈಚೀಲ, ಖಣದ ಜಾಕೀಟು, ದೀಪಾವಳಿಗೆ ತೂಗುಹಾಕುವ ಖಣದ ಆಕಾಶಕಂದೀಲು. ಈಗ ಪುಣೆಯಲ್ಲಿ ಖಣದ ಫ್ಯಾಶನ್ನು ಬಹಳ. ಹುಡುಗ ಚೀಲವನ್ನು ಕೈಗೆ ತೆಗೆದುಕೊಂಡು, ಅಂಚನ್ನು ಬೆರಳಿನಲ್ಲಿ ಸವರಿ, ಹಿಂದು ಮುಂದು ತಿರುವಿ ನೋಡಿ, “ಅಣ್ಣಾ, ಇದು ಕೈಮಗ್ಗದ್ದಲ್ಲ ಬಿಡ್ರಿ. ಪಾವರ್‌ಲೂಮಿಂದು” ಎಂದ. ಹೇಗೆ ತಿಳಿಯಿತೆಂದು ಕೇಳಿದೆ. ಕೈಮಗ್ಗದಲ್ಲಿ ನೇಯುವಾಗ ಬಟ್ಟೆ ಮುದುಡದಂತೆ ಎರಡು ಅಂಚಿಗೂ ಮೊಳೆಯ ಪಟ್ಟಿ ಕೊಟ್ಟು ಬಿಗಿಯುತ್ತಾರಂತೆ. ಅದರ ಸಣ್ಣ ತೂತುಗಳು ಅಂಚಿನಲ್ಲಿ ಉಳಿಯುತ್ತವೆ. ನೇಯ್ಗೆಯೂ ಅಲ್ಲಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆ ಆಗಿರುತ್ತದೆ. ಯಂತ್ರದ ಬಟ್ಟೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ.

ಸಂಗಾತಿಗಳೇ, ಖಣವೆಂದರೆ ನಮ್ಮ ತಾಯಂದಿರ ಕುಪ್ಪಸದ ಬಟ್ಟೆ. ಇಲ್ಲಿ ಮರಾಠಿ ಮನೆಗಳಲ್ಲಿ ಖಣ-ತೆಂಗಿನಕಾಯಿ ಇಟ್ಟು ಉಡಿ ತುಂಬುತ್ತಾರೆ. ನಮ್ಮ ಕಡೆಯೂ ಹಾಗೆಯೇ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯ್ದದ್ದು ತಲೆತಲಾಂತರದಿಂದ ಇಲ್ಲಿಯ ಪೇಟೆಗೆ ಬಂದು ಮಾರಾಟವಾಗಿದೆ. ತೇರು, ಆನೆಹೆಜ್ಜೆ, ಸೂರ್ಯನಾರಾಯಣ ಎಂದು ಅದರ ಮೇಲಿನ ಒಂದೊಂದು ಚಿತ್ತಾರಕ್ಕೂ ಹೆಸರುಂಟು. ಇಳಕಲ್ಲಿನ ಸೀರೆಯದೂ ಅಷ್ಟೆ. ಮೈಭಾಗದ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದು ಎಳೆ ಕುಣಿಕೆ ಹಾಕಿ ಜೋಡಿಸಿಕೊಂಡು ಆಮೇಲೆ ನೇಯುವುದು. ಆ ಸೀರೆಯನ್ನು ಉಡುವ ಮರಾಠಿ ಹೆಂಗಸರು ಎಷ್ಟೋ ಮಂದಿ. ಇದು ನಮ್ಮದು, ಅದು ನಿಮ್ಮದು ಎಂದು ನಾನು ಜಗಳ ತೆಗೆಯಲು ಬಂದಿಲ್ಲ. ಉಟ್ಟವರೆಲ್ಲರದೂ ಅದು. ಆದರೆ ನೇಯ್ದವನು ಎಲ್ಲಿ? ಖಣಕ್ಕೆ ಇಷ್ಟು ಬೇಡಿಕೆ ಬಂದಿರುವ ಕಾಲದಲ್ಲಿಯೇ ಗುಳೇದಗುಡ್ಡದ ಕೈಮಗ್ಗಗಳು ಒಂದೊಂದಾಗಿ ನಿಂತವು. ಮಗ್ಗದ ಮನೆಯ ಹುಡುಗ ಇಲ್ಲಿ ಬಂದು ಮೇಜು ಒರೆಸುತ್ತಿದ್ದಾನೆ. ನನಗೆ ಕಾಡುವ ಮಾತು ಇದೇ.

ಕಾಯ್ದೆ ಇಲ್ಲವೆಂದಲ್ಲ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಬೇಕೆಂದು 1985ರಲ್ಲಿ ಕಾನೂನಾಯಿತು. ಮೊದಲು 22 ಬಗೆ ಇದ್ದದ್ದು ಆಮೇಲೆ 11ಕ್ಕೆ ಇಳಿಯಿತು. ಕಾನೂನು ಕಪಾಟಿನಲ್ಲಿದ್ದರೆ ಮಗ್ಗ ತಾನೇ ಓಡುವುದಿಲ್ಲ. ನಮ್ಮ ವಾರದ ರಜೆಯ ಕಾನೂನಿನ ಗತಿ ಏನಾಗಿದೆಯೆಂದು ನಿಮಗೇ ಗೊತ್ತು, ನಾನು ಹೇಳಬೇಕಾಗಿಲ್ಲ.

ಇನ್ನು ಕೊಲ್ಹಾಪುರಿ ಚಪ್ಪಲಿ. ಹೆಸರು ಕೊಲ್ಹಾಪುರದ್ದು, ಸರಿ. ಆದರೆ 2019ರಲ್ಲಿ ಭೌಗೋಲಿಕ ಗುರುತು ಸಿಕ್ಕಾಗ ಎರಡು ರಾಜ್ಯಕ್ಕೂ ಸೇರಿಸಿ ಕೊಟ್ಟರು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿಗಳಲ್ಲಿ ಮನೆಮನೆಯಲ್ಲಿ ಕೂತು ಚರ್ಮ ಹೊಲಿಯುವ ಗಂಡಸರು, ಹೆಂಗಸರು ಇದ್ದಾರೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಎಂಬ ದೊಡ್ಡ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಥೇಟ್ ಇದೇ ಬಗೆಯ ಚಪ್ಪಲಿ ತೊಡಿಸಿ ನಡೆಸಿತು, ಎಲ್ಲಿಂದ ಬಂತೆಂದು ಹೇಳಲಿಲ್ಲ. ಇಲ್ಲಿ ಗದ್ದಲವಾದ ಮೇಲೆ, ಭಾರತದ ಕೈಚಪ್ಪಲಿಯಿಂದಲೇ ಸ್ಫೂರ್ತಿ ಬಂದದ್ದೆಂದು ಒಪ್ಪಿಕೊಂಡಿತು. ನಮ್ಮ ಸಮಗಾರ ಬಂಧುಗಳನ್ನು ಊರಿನಲ್ಲಿ ಎಷ್ಟೋ ಕಾಲ ಬಾಗಿಲಿನಿಂದಾಚೆ ನಿಲ್ಲಿಸಿದರಲ್ಲ, ಅವರ ಕೈಗೆಲಸವನ್ನು ಮಿಲಾನಿನಲ್ಲಿ ಎತ್ತರದ ಕಟ್ಟೆಯ ಮೇಲೆ ನಡೆಸಿದರು. ಅಥಣಿಯಲ್ಲಿ ಜೋಡಿಗೆ ಸಿಗುವ ಮಜೂರಿ ಅದರಿಂದ ಬೆಳೆಯಿತೇ ಎಂಬುದನ್ನು ಕೇಳುವವರು ಕಡಿಮೆ.

ನಮ್ಮ ಪುಣೆಯಲ್ಲಿಯೂ ನೋಡಿ. ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ, ಬುರೂಡ್ ಆಳಿ, ಕುಂಭಾರವಾಡ ಎಂದು ಕೆಲಸದ ಹೆಸರಿನ ಬೀದಿಗಳೇ ಇವೆ. ತಾಂಬಟರು ಪೇಶ್ವೆಯರ ಕಾಲದಲ್ಲಿ ಕೊಂಕಣದಿಂದ ಬಂದವರು. ತಾಮ್ರದ ತಗಡಿನ ಮೇಲೆ ಸುತ್ತಿಗೆಯಿಂದ ಒಂದರ ಪಕ್ಕ ಒಂದು ಪೆಟ್ಟು ಹಾಕಿ ಗುಳಿ ಮೂಡಿಸುತ್ತಾರೆ. ಅದಕ್ಕೆ ಮಠಾರ್‌ಕಾಮ್ ಎನ್ನುತ್ತಾರೆ. ಅಂದಕ್ಕೂ ಆಯಿತು, ತಾಮ್ರ ಗಟ್ಟಿಯೂ ಆಗುತ್ತದೆ. ಹಿಂದೆ ನೀರು ಕಾಯಿಸುವ ಬಂಬು, ಹಂಡೆ ಮಾಡುತ್ತಿದ್ದವರು ಸ್ಟೀಲು ಮತ್ತು ಗೀಸರು ಬಂದ ಮೇಲೆ ಕೈ ಕಟ್ಟಿ ಕೂತರು. ನಮ್ಮಲ್ಲಿ ಹಳಬರಿಗೆ ನೆನಪಿರಬಹುದು, ಹೋಟೆಲಿನ ಹಿತ್ತಲಿಗೆ ಕಲಾಯಿಯವರು ಬಂದು ಪಾತ್ರೆಗೆ ತವರ ಬಳಿದು ಹೋಗುತ್ತಿದ್ದರು. ಈಗ ತಾಂಬಟರಲ್ಲಿ ಕೆಲವರು ಹೊಸ ವಿನ್ಯಾಸಗಾರರೊಡನೆ ಕೂಡಿಕೊಂಡು ತಟ್ಟೆ, ಹೂಜಿ, ದೀಪ ಮಾಡುತ್ತಿದ್ದಾರೆ. ಹೊಸತು ಬಂದರೆ ಹಳೆಯ ಕೈ ಬದುಕುವುದೂ ಉಂಟು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ತಾಯಂದಿರು ಗಮನವಿಟ್ಟು ಕೇಳಬೇಕು.

ನಾವು ಕೌದಿ ಎನ್ನುವುದೂ ಇಲ್ಲಿಯವರು ಗೋಧಡಿ ಎನ್ನುವುದೂ ಒಂದೇ. ಹಳೆಯ ಸೀರೆ, ಧೋತರಗಳನ್ನು ಪದರ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರದು ಇನ್ನೂ ಚಂದ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂವು ಇಡುತ್ತಾರೆ. ಅವರ ಕೌದಿ ಈಗ ದೊಡ್ಡ ಕಲಾಪ್ರದರ್ಶನಗಳಿಗೂ ಹೋಗಿದೆ. ನಮ್ಮ ಚಾಳುಗಳಲ್ಲಿ ಕೌದಿ ಹೊಲಿಯಬಲ್ಲ ತಾಯಂದಿರು ಕಡಿಮೆಯೇನಿಲ್ಲ. ಆದರೆ ಅದನ್ನು ಅವರು ಕೆಲಸವೆಂದೇ ಎಣಿಸಿಲ್ಲ. “ಸುಮ್ಮನೆ ಕೂತಾಗ ಹೊಲಿದದ್ದು” ಎನ್ನುತ್ತಾರೆ.

ನಮ್ಮ ಓಣಿಯ ಒಬ್ಬ ತಾಯಿಯ ಲೆಕ್ಕ ಹೇಳುತ್ತೇನೆ, ಹೆಸರು ಬೇಡ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ದಿನ ಕೂತು ಒಂದು ಕೌದಿ ಮುಗಿಸಿದರು. ಅಂದರೆ 60 ಗಂಟೆ. ದಾರಕ್ಕೂ ಮೇಲ್ಬಟ್ಟೆಗೂ 300 ರೂಪಾಯಿ ಬಿತ್ತು. ಒಬ್ಬ ದಲ್ಲಾಳಿ 1,500 ಕೊಟ್ಟು ಒಯ್ದ. ಖರ್ಚು ಕಳೆದು ಉಳಿದದ್ದು 1,200, ಗಂಟೆಗೆ 20 ರೂಪಾಯಿ. ಅದೇ ಕೌದಿ ಪೇಟೆಯ ಅಂಗಡಿಯಲ್ಲಿ 4,000 ರೂಪಾಯಿಯ ಚೀಟಿ ಹಚ್ಚಿಕೊಂಡು ತೂಗಾಡುತ್ತಿತ್ತು. ಆ ತಾಯಿಗೆ ಗಂಟೆಗೆ 60 ರೂಪಾಯಿ ಹಿಡಿದರೂ 3,600 ಮಜೂರಿ, 300 ಸಾಮಾನು, ಒಟ್ಟು 3,900. ಅಂದರೆ ಕೊಳ್ಳುವವರು ಆ ಬೆಲೆಯನ್ನು ಈಗಲೇ ಕೊಡುತ್ತಿದ್ದಾರೆ. ಹಣ ಬರುತ್ತಿದೆ, ಹೊಲಿದ ಕೈಯವರೆಗೆ ಬಂದು ಮುಟ್ಟುತ್ತಿಲ್ಲ, ಅಷ್ಟೇ.

ಅಂಗಡಿಯವನಿಗೂ ಬಾಡಿಗೆ ಉಂಟು, ಸಾಲ ಉಂಟು ಎಂದು ಯಾರಾದರೂ ಹೇಳಿಯಾರು. ನಿಜ. ನಾವೇ ಮಳಿಗೆ ಹಾಕಿದರೂ ಮಳಿಗೆಯ ಬಾಡಿಗೆ, ಟೆಂಪೋ, ನಿಂತು ಮಾರುವವರ ಊಟ ಎಲ್ಲ ಬೀಳುತ್ತದೆ. ಹತ್ತು ಕೌದಿ ಒಯ್ದು ಆರು ಮಾರಿದರೆ ನಾಲ್ಕು ಹೊತ್ತು ತರಬೇಕು. ಆ ನಾಲ್ಕರ ಭಾರವನ್ನು ಒಬ್ಬ ಹೆಂಗಸು ಹೊರಲಾರಳು, ಅದಕ್ಕೇ ದಲ್ಲಾಳಿ ಹೇಳಿದ ಬೆಲೆಗೆ ಹೂಂ ಎನ್ನುತ್ತಾಳೆ. ಹತ್ತು ಮಂದಿ ಕೂಡಿದರೆ ಭಾರ ಹಂಚಿಹೋಗುತ್ತದೆ.

ಇದು ನನ್ನ ತಲೆಯಲ್ಲಿ ಹುಟ್ಟಿದ ವಿಚಾರವೇನಲ್ಲ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಇದನ್ನೇ ಹೇಳಿದರು, ಮಾಡಿಯೂ ತೋರಿಸಿದರು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಸಮಾಜವಾದಿ ಹೆಣ್ಣುಮಗಳು ಆಕೆ. ದೇಶ ಒಡೆದಾಗ ಬಂದ ನಿರಾಶ್ರಿತರಿಗಾಗಿ 1948ರಲ್ಲಿ ಸಹಕಾರಿ ಸಂಘ ಕಟ್ಟಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಊರೂರು ಅಲೆದು ಕುಂಬಾರರನ್ನೂ ನೇಕಾರರನ್ನೂ ಕಂಡರು. ಆ ಮಂಡಳಿಯನ್ನು 2020ರಲ್ಲಿ ಸರಕಾರ ರದ್ದು ಮಾಡಿತು. ಕೈಕೆಲಸದವರ ಮಾತು ದಿಲ್ಲಿಗೆ ಮುಟ್ಟುವ ಒಂದು ಕಿಂಡಿ ಮುಚ್ಚಿತು.

ನಮ್ಮ ಹೋಟೆಲಿನ ಧಂದೆಯಲ್ಲಿಯೇ ಬೇಕಾದರೆ ಉದಾಹರಣೆ ಉಂಟು. ಕಾಫಿ ಬೋರ್ಡು 1950ರ ದಶಕದಲ್ಲಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬೀದಿಗೆ ಬಿಡಹೊರಟಾಗ, ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಆ ಕೆಲಸಗಾರರೇ ಸಹಕಾರಿ ಸಂಘ ಕಟ್ಟಿಕೊಂಡರು. ಬೆಂಗಳೂರಿನ ಸಂಘ 1957ರಲ್ಲಿ ಶುರುವಾಯಿತು. ಬಿಳಿ ಪೇಟ ಕಟ್ಟಿ ಕಾಫಿ ತಂದುಕೊಡುವವನೇ ಆ ಹೋಟೆಲಿನ ಪಾಲುದಾರ. ಲೋಟ ಹಿಡಿದ ಕೈ ಗಲ್ಲೆಯ ಲೆಕ್ಕವನ್ನೂ ಹಿಡಿಯಬಲ್ಲುದಾದರೆ, ಸೂಜಿ ಹಿಡಿದ ಕೈ ಯಾಕೆ ಹಿಡಿಯಬಾರದು?

ಆದುದರಿಂದ ಈ ಸಭೆಯ ಮುಂದೆ ನನ್ನ ಸೂಚನೆ ಇಷ್ಟು. ಮೊದಲು ಹತ್ತು ಮಂದಿ ತಾಯಂದಿರದು ಒಂದು ಬಚತ್ ಗಟ ಆಗಬೇಕು. ದಾರಕ್ಕೂ ಬಟ್ಟೆಗೂ ಸಂಘದ ನಿಧಿಯಿಂದ ಬಡ್ಡಿಯಿಲ್ಲದ ಸಾಲ ಕೊಡೋಣ. ಹೊಲಿದ ಗಂಟೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು, ಬೆಲೆಯನ್ನು ಆ ಹತ್ತು ಮಂದಿಯೇ ಕೂತು ಗೊತ್ತುಮಾಡಬೇಕು, ನಾವು ಗಂಡಸರು ಅದರಲ್ಲಿ ಬಾಯಿ ಹಾಕಕೂಡದು. ಗುಳೇದಗುಡ್ಡದ ನಮ್ಮ ಹುಡುಗ ತನ್ನ ಊರಿನಲ್ಲಿ ಇನ್ನೂ ಮಗ್ಗ ನಡೆಸುತ್ತಿರುವ ಮನೆಗಳಿಂದ ಕೈಮಗ್ಗದ ಖಣ ನೇರವಾಗಿ ತರಿಸಿಕೊಡುತ್ತೇನೆಂದು ಹೇಳಿದ್ದಾನೆ. ಕೌದಿಯ ಮೇಲ್ಮೈಗೆ ಅದರ ತುಂಡು ಹಾಕಿದರೆ ನೇಯ್ದ ಮನೆಯ, ಹೊಲಿದ ತಾಯಿಯ ಹೆಸರು ಬರೆದ ಚೀಟಿಯನ್ನು ಅದಕ್ಕೆ ಹೊಲಿದುಬಿಡೋಣ. ಮಾಲು ಸಾಕಷ್ಟು ಕೂಡಿದ ಮೇಲೆ ಭೀಮಥಡಿಗೆ ಅರ್ಜಿ ಹಾಕೋಣ. ಅಲ್ಲಿ ಜಾಗ ಸಿಗದಿದ್ದರೆ ಪುಣೆಯಲ್ಲಿ ಬೇರೆ ಪ್ರದರ್ಶನಗಳಿಗೇನೂ ಬರಗಾಲವಿಲ್ಲ.

ಗಂಡಸರಿಗೂ ಕೆಲಸವುಂಟು. ಮಳಿಗೆಯ ದಿನಗಳಲ್ಲಿ ತಾಯಂದಿರು ರಾತ್ರಿಯವರೆಗೆ ಅಲ್ಲಿರಬೇಕಾಗುತ್ತದೆ. ಆಗ ಪಾಳಿ ಬದಲಿಸಿಕೊಂಡು ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು ಯಾರು ಎಂದು ಈಗಲೇ ಬರೆಸಬೇಕು. ಇನ್ನೂರು ಮಂದಿಗೆ ಉಪ್ಪಿಟ್ಟು ಕಲಸುವವರು ನಾವು, ಮನೆಯ ನಾಲ್ಕು ಮಂದಿಗೆ ಅನ್ನ ಮಾಡಲು ಬಾರದೆನ್ನುವುದು ಚಂದವಲ್ಲ.

ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಬರೆಸಿರಿ. ಮೊದಲ ಕೂಟ ಮುಂದಿನ ಭಾನುವಾರ, ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರುವರೆಗೆ, ಇದೇ ಜಾಗದಲ್ಲಿ. ಒಗೆದು ಒಣಗಿಸಿದ ಹಳೆಯ ಸೀರೆ ಎರಡೆರಡು ತರಬೇಕು. ಸೂಜಿ ಅವರವರದು, ದಾರ ಸಂಘದ್ದು.