ರಂಗೋಲಿ ಚುಕ್ಕಿಯಲ್ಲಿ ಮಗ್ಗಿ

(ವಿದ್ಯಾಗಿರಿಯಲ್ಲಿ ಕಲಿಯುವ ಅಕ್ಕಂದಿರ ಮುಂದೆ ಆಡಿದ ಮಾತು)



ನಿಮ್ಮಲ್ಲಿ ಬಹಳ ಮಂದಿ ಒಂದು ಮಾತು ಹೇಳ್ತೀರಿ. "ಅಕ್ಕೋರ, ನಾವ ಈಗ ಅಕ್ಷರ ಕಲಿಯಾಕ ಹತ್ತೀವಿ. ಮಕ್ಕಳಿಗೆ ಲೆಕ್ಕ ಹೆಂಗ ಹೇಳಿಕೊಡೂಣು?" ಮಗಳು ಮೂರನೇ ಇಯತ್ತೆಗೆ ಬಂದಿದ್ದಾಳೆ. ಮಗ್ಗಿ ಬರುವುದಿಲ್ಲ. ಅದಕ್ಕೇ ಶಾಲೆಗೆ ಹೋಗಲು ಅಂಜುತ್ತಾಳೆ. ಹೀಗೆ ಅಂಜಿದ ಹುಡುಗಿ ಒಂದು ದಿನ ಶಾಲೆಯನ್ನೇ ಬಿಡುತ್ತಾಳೆ. ಟ್ಯೂಷನ್‌ಗೆ ಕಳಿಸಲು ರೊಕ್ಕ ಎಲ್ಲಿಂದ ತರೋದು?

ಟ್ಯೂಷನ್ ಬೇಡ. ನಿಮಗೇ ಮಗ್ಗಿ ಬರುತ್ತದೆ. ಬಾಗಿಲ ಮುಂದೆ ರಂಗೋಲಿ ಹಾಕ್ತೀರಿ ಹೌದಲ್ರೀ? "ಐದು ಚುಕ್ಕಿ, ಐದು ಸಾಲು" ಅಂತೀರಿ. ಒಟ್ಟು ಎಷ್ಟು ಚುಕ್ಕಿ? ಎಣಿಸಿ ನೋಡಿ. 25. ಐದೈದ್ಲೆ ಇಪ್ಪತ್ತೈದು! ಗುಣಾಕಾರ ಅಂದರೆ ಇದೇ. ಸಮ ಇರುವ ಸಾಲುಗಳನ್ನು ಕೂಡಿಸುವುದು. (ಸಾಲಿನಿಂದ ಸಾಲಿಗೆ ಚುಕ್ಕಿ ಕಡಿಮೆ ಆಗುವ ರಂಗೋಲಿ ಇದಕ್ಕೆ ನಡೆಯೋದಿಲ್ಲ.)

ಮಗುವಿಗೆ ಒಂದು ಹಿಡಿ ಹುಣಸೆ ಬೀಜ ಕೊಡಿ. ಹೀಗೆ ಇಡಲು ಹೇಳಿ.

● ● ● ●
● ● ● ●
● ● ● ●

ಮೂರು ಸಾಲು. ಸಾಲಿಗೆ ನಾಲ್ಕು ಬೀಜ. ಮೂರ್ನಾಕ್ಲೆ ಹನ್ನೆರಡು. ಈಗ ಬೀಜ ಮುಟ್ಟಬೇಡಿ. ಮಗುವನ್ನು ಎಬ್ಬಿಸಿ ಬಲಗಡೆ ಕೂಡಿಸಿ. ಅಲ್ಲಿಂದ ನಾಲ್ಕು ಸಾಲು ಕಾಣುತ್ತವೆ. ಸಾಲಿಗೆ ಮೂರು ಬೀಜ. ನಾಕ್ಮೂರ್ಲೆ ಎಷ್ಟು? ಅದೂ ಹನ್ನೆರಡೇ. ಒಂದು ಬೀಜವೂ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ.

ಇದರಿಂದ ಏನು ಲಾಭ? ಒಂದರಿಂದ ಹತ್ತರ ಮಗ್ಗಿಯಲ್ಲಿ 100 ಲೆಕ್ಕ ಇವೆ. 55 ಕಲಿತರೆ ಸಾಕು. ಉಳಿದ 45 ತಿರುಗಿಸಿ ನೋಡಿದರೆ ಸಿಗುತ್ತವೆ.

ಮಕ್ಕಳು ಬಹಳ ತಡವರಿಸುವುದು ಏಳೆಂಟ್ಲೆ ಬಂದಾಗ. ಏಳು ಸಾಲು ಇಡಿ. ಸಾಲಿಗೆ ಎಂಟು ಬೀಜ. ಐದು ಸಾಲು ಆದ ಮೇಲೆ ಒಂದು ಕಸಬರಿಗೆ ಕಡ್ಡಿ ಅಡ್ಡ ಇಡಿ. ಕಡ್ಡಿಯ ಮೇಲೆ ಐದೆಂಟ್ಲೆ 40. ಕಡ್ಡಿಯ ಕೆಳಗೆ ಎರಡೆಂಟ್ಲೆ 16. ಕೂಡಿಸಿದರೆ 56. ಮುಂದೆ ಮರೆತರೂ ಮಗು ತಾನೇ ಹುಡುಕಿಕೊಳ್ಳುತ್ತದೆ. ಬಾಯಿಪಾಠ ಬೇಡ ಅಂತ ನಾನು ಅನ್ನುವುದಿಲ್ಲ. ಅದೂ ಬೇಕು. ಆದರೆ ಮೊದಲು ಕಣ್ಣು ನೋಡಲಿ, ಕೈ ಮುಟ್ಟಲಿ. ಆಮೇಲೆ ಬಾಯಿ ಹೇಳಲಿ.

ಮಗಳು ಬೀಜ ಹಿಡಿದು ಕುಂತರೆ "ಆಟ ಆಡ್ತಿ" ಅಂತ ಬೈಬೇಡಿ. ಸರಕಾರಿ ಶಾಲೆಯ ನಲಿ-ಕಲಿ ಕೂಡ ಆಡುತ್ತ ಕಲಿಯುವ ಪದ್ಧತಿಯೇ. ಅದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಯಿತು.

ಅಂಗಡಿಗೆ ಹೋದಾಗ ತತ್ತಿ ಇಡುವ ಟ್ರೇ ತೋರಿಸಿ. ಐದು ಸಾಲು, ಸಾಲಿಗೆ ಆರು. ಎಷ್ಟು ತತ್ತಿ ಅಂತ ಕೇಳಿ. ಚೌಕಾಬಾರದ ಮನೆಗಳನ್ನೂ ಎಣಿಸಬಹುದು.

ಇದು ಮಕ್ಕಳಿಗೆ ಅಷ್ಟೇ ಅಲ್ಲ. ನಿಮಗೆ ದಿನಕ್ಕೆ 300 ರೂಪಾಯಿ ಕೂಲಿ ಅಂತ ಇಟ್ಟುಕೊಳ್ಳಿ. ಆರು ದಿನ ದುಡಿದಿರಿ. ಒಂದು ದಿನಕ್ಕೆ ಒಂದು ಸಾಲು. ಸಾಲಿಗೆ ನೂರರ ಮೂರು ನೋಟು. ಆರ್ಮೂರ್ಲೆ ಹದಿನೆಂಟು ನೋಟು. ಅಂದರೆ 1800 ರೂಪಾಯಿ. ಕೈಗೆ 1500 ಬಂದರೆ ಅಲ್ಲೇ ನಿಂತು ಕೇಳಿ. "ಒಂದು ಸಾಲು ಎಲ್ಲಿ ಹೋತ್ರಿ?"

ನಾಳೆ ಬರುವಾಗ ಒಂದೊಂದು ಹಿಡಿ ಹುಣಸೆ ಬೀಜ ತನ್ನಿ. ಮಕ್ಕಳನ್ನೂ ಕರಕೊಂಡು ಬನ್ನಿ. ಆರರ ಮಗ್ಗಿ ಇಟ್ಟು ನೋಡೋಣ.