ಕೊನೆಯ ನಲ್ಲಿಯ ನೀರು

(ಗೆಂಡೆಹಳ್ಳಿಯ ಗ್ರಾಮಸ್ಥರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಕುಡಿಯುವ ನೀರಿನ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದು ತಾವು ಅಪ್ಪಣೆ ಕೊಟ್ಟಿರುವಿರಿ. ನಾನು ವೈದ್ಯನಲ್ಲ, ಎಂಜಿನಿಯರನೂ ಅಲ್ಲ. ಕಾಯಿದೆಯ ಪುಸ್ತಕಗಳನ್ನು ಓದಿ ಹೊಟ್ಟೆ ಹೊರೆಯತಕ್ಕವನು. ಆದರೆ ನೀರನ್ನು ಕುಡಿಯುವವರೆಲ್ಲರಿಗೂ ಈ ವಿಷಯದಲ್ಲಿ ಮಾತನಾಡುವ ಅಧಿಕಾರವುಂಟೆಂದು ತಿಳಿದು ತಮ್ಮೆದುರಿಗೆ ನಿಂತಿರುವೆನು.

ನಮ್ಮ ಸೀಮೆಯ ಪೂರ್ವಿಕರು ನೀರಿನ ಬೆಲೆಯನ್ನು ಬಲ್ಲವರಾಗಿದ್ದರು. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರವು ಅಲ್ಲಿಯ ಕೆರೆಯನ್ನು ಇಂದಿಗೂ ನೆನಪಿಗೆ ತರುತ್ತದೆ. ಅರಸೀಕೆರೆಯ ಹೆಸರಿನಲ್ಲಿ ಅರಸಿಯೂ ಕೆರೆಯೂ ಕೂಡಿಕೊಂಡಿವೆ. ಆದರೆ ಆ ಕಾಲದ ಮುಖ್ಯ ಚಿಂತೆಯು ನೀರು ಉಂಟೋ ಇಲ್ಲವೋ ಎಂಬುದಾಗಿತ್ತು. ನಮಗೆ ಅದರ ಜೊತೆಗೆ ಮತ್ತೊಂದು ಚಿಂತೆ ಸೇರಿದೆ. ಬಂದ ನೀರು ಕುಡಿಯಲು ಯೋಗ್ಯವಾದುದೋ ಅಲ್ಲವೋ ಎಂಬುದೇ ಅದು.

ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. 1854ನೆಯ ಇಸವಿಯಲ್ಲಿ ಲಂಡನ್ ಪಟ್ಟಣದ ಸೋಹೋ ಎಂಬ ಭಾಗದಲ್ಲಿ ಕಾಲರಾ ಹಬ್ಬಿ ನೂರಾರು ಜನರು ಸತ್ತರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವರಲ್ಲಿ ಹೆಚ್ಚಿನವರು ಒಂದೇ ಬೀದಿಯ ಪಂಪಿನಿಂದ ನೀರು ಕುಡಿದವರೆಂದು ತೋರಿಸಿಕೊಟ್ಟನು. ಆ ಬಾವಿಯ ಮಗ್ಗುಲಲ್ಲಿದ್ದ ಮಲದ ಗುಂಡಿಯೊಂದು ಸೋರುತ್ತಿತ್ತೆಂಬುದು ಬಳಿಕ ತಿಳಿದುಬಂದಿತು.

ಇದು ದೂರ ದೇಶದ ಹಳೆಯ ಕಥೆಯೆಂದು ತಾವು ಸಮಾಧಾನಪಡಬಾರದು. 2022ರಲ್ಲಿ ನಮ್ಮ ರಾಯಚೂರು ನಗರದಲ್ಲಿ ಕಲುಷಿತ ನೀರನ್ನು ಕುಡಿದು ಜನರು ಪ್ರಾಣ ಬಿಟ್ಟರು. 2023ರ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಅದೇ ಗತಿಯಾಯಿತು. ಈ ಜನರು ಹೊಂಡವನ್ನೋ ಹಳ್ಳವನ್ನೋ ಹುಡುಕಿ ಹೋದವರಲ್ಲ. ತಮ್ಮ ಊರಿಗೆ ಸರಬರಾಜಾದ ನೀರನ್ನು ನಂಬಿ ಕುಡಿದವರು. ಆದುದರಿಂದ ನೀರನ್ನು ಒದಗಿಸುವುದು ಬೇರೆ, ಸುರಕ್ಷಿತವಾದ ನೀರನ್ನು ಒದಗಿಸುವುದು ಬೇರೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಮೂಲದಲ್ಲಿ ಒಳ್ಳೆಯದಾದ ನೀರು ನಡುವೆ ಕೆಡುವುದು ಹೇಗೆ? ಪಂಪು ನಡೆಯುತ್ತಿರುವಾಗ ಕೊಳವೆಯೊಳಗೆ ಒತ್ತಡವಿರುತ್ತದೆ. ಬಿರುಕಿದ್ದರೂ ನೀರು ಹೊರಗೆ ಸೋರುವುದೇ ಹೊರತು ಹೊಲಸು ಒಳಗೆ ಬಾರದು. ಪಂಪು ನಿಂತೊಡನೆ ಒತ್ತಡವು ಇಳಿದು, ಅದೇ ಬಿರುಕಿನಿಂದ ಚರಂಡಿಯ ನೀರು ಒಳಕ್ಕೆ ಸೇರುತ್ತದೆ. ದಿನಕ್ಕೆ ಒಂದೆರಡು ತಾಸು ಮಾತ್ರ ನೀರು ಬಿಡುವ ನಮ್ಮ ಊರುಗಳಲ್ಲಿ ಈ ಅಪಾಯವು ದಿನವೂ ಉಂಟು. ಇದರ ಮೇಲೆ ಉಳ್ಳವರು ತಮ್ಮ ಮನೆಯ ನಲ್ಲಿಗೆ ಮೋಟಾರು ಹಚ್ಚಿ ನೀರೆಳೆದರೆ, ಕೊಳವೆಯು ಚರಂಡಿಯನ್ನು ಹೀರಲು ಮತ್ತಷ್ಟು ಸಹಾಯವಾಗುವುದು. ನೆರೆಮನೆಯವರಿಗೆ ನೀರು ಕಡಿಮೆಯಾಗುವುದಷ್ಟೇ ಅಲ್ಲ, ಬಂದಷ್ಟು ನೀರಿಗೂ ರೋಗವು ಅಂಟುವುದು.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಸಾವಿರ ಲೀಟರು ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರು ಸುಮಾರು ಎರಡೂವರೆ ಗ್ರಾಂ ಸಾಕು. 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ಬೆರೆಸಿ ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಆದರೆ ಬಾಯಿ ಬಿಚ್ಚಿಟ್ಟ ಚೀಲದ ಪುಡಿಯು ಗಾಳಿಗೂ ತೇವಕ್ಕೂ ಸತ್ವವನ್ನು ಕಳೆದುಕೊಳ್ಳುತ್ತದೆ. ಪುಡಿ ಹಾಕಿದ್ದೇವೆಂದು ಲೆಕ್ಕದ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ನೀರು ಶುದ್ಧವಾಗಲಾರದು. ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕದ ನಿಯಮ. ಇದನ್ನು ನೋಡತಕ್ಕ ಸ್ಥಳವು ಯಾವುದು? ಟ್ಯಾಂಕಿನ ಬುಡವಲ್ಲ, ಊರಿನ ಕಟ್ಟಕಡೆಯ ನಲ್ಲಿ. ಅಲ್ಲಿ ನೀರು ಸರಿಯಿದ್ದರೆ ನಡುವಿನ ಕೊಳವೆಯೆಲ್ಲವೂ ಸರಿಯಿದೆಯೆಂದು ಬಹುಮಟ್ಟಿಗೆ ನಂಬಬಹುದು.

ಇನ್ನು ಬಯಲುಸೀಮೆಯ ಆಳವಾದ ಕೊಳವೆಬಾವಿಗಳ ಮಾತು ಬೇರೆಯಾಗಿದೆ. ಕರ್ನಾಟಕದ ಅನೇಕ ಕಡೆಗಳಲ್ಲಿ ಬಂಡೆಯೊಳಗಿನ ಫ್ಲೋರೈಡು ನೀರಿಗೆ ಇಳಿದಿರುತ್ತದೆ. ಅದು ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಬೀಳುವುದು. ಪ್ರಮಾಣವು ಬಹಳ ಹೆಚ್ಚಿದಲ್ಲಿ ಎಲುಬುಗಳೂ ಕೆಡುವುವು. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡು ಹೋಗದು; ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುವುದು. ಆದುದರಿಂದ ಹೊಸ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಜನರಿಗೆ ಕುಡಿಸಕೂಡದು.

ಕೊನೆಯ ನಲ್ಲಿಯೆಂದು ಹೇಳಿದೆನಷ್ಟೆ. ಅದು ಎಲ್ಲಿರುವುದೆಂಬುದನ್ನು ತಾವೆಲ್ಲರೂ ಬಲ್ಲಿರಿ. ಬಹುತೇಕ ಊರುಗಳಲ್ಲಿ ಅದು ಬಡವರ ಕೇರಿಯಲ್ಲಿರುತ್ತದೆ. 1927ರ ಮಾರ್ಚಿಯಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದದ್ದು, ಸಾರ್ವಜನಿಕವಾದ ನೀರು ಎಲ್ಲರಿಗೂ ಸೇರಿದುದೆಂಬ ತತ್ತ್ವವನ್ನು ಸ್ಥಾಪಿಸುವುದಕ್ಕಾಗಿ. ಊರ ನಡುವೆ ಭರ್ರನೆ ಬರುವ ನೀರು ಕೇರಿಯ ಕೊನೆಗೆ ಹೊಲಸಾಗಿ ತೊಟ್ಟಿಕ್ಕುವುದಾದರೆ ಆ ತತ್ತ್ವಕ್ಕೆ ನಾವು ಇನ್ನೂ ಸಾಲಗಾರರೇ ಸರಿ.

ಕಾಯಿದೆಯ ಮಾತನ್ನೂ ಹೇಳಿಬಿಡುತ್ತೇನೆ. ಬದುಕುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರಿನ ಹಕ್ಕೂ ಸೇರಿದೆಯೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಸುಭಾಷ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಕುಡಿಯುವ ನೀರನ್ನು ಸೇರಿಸಿದೆ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯು ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಮನೆಮನೆಗೆ ನೀರು ಮುಟ್ಟಿಸಬೇಕೆಂದು ಗೊತ್ತುಮಾಡಿತು. ಪ್ರತಿ ಹಳ್ಳಿಯಲ್ಲಿ ಐವರು ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದೂ ಹೇಳಿತು. ಹಕ್ಕು ಕಾಗದದ ಮೇಲೆ ಬಂದಾಯಿತು. ಅದನ್ನು ಕೊಡಕ್ಕೆ ಇಳಿಸಿಕೊಳ್ಳುವುದು ನಮ್ಮ ಕೆಲಸವಾಗಿದೆ.

ಆದುದರಿಂದ ಗ್ರಾಮಸಭೆಯಲ್ಲಿ ತಾವು ಕೇಳತಕ್ಕ ಪ್ರಶ್ನೆಗಳನ್ನು ಸೂಚಿಸುತ್ತೇನೆ. ಟ್ಯಾಂಕನ್ನು ಕಡೆಯ ಬಾರಿ ತೊಳೆದದ್ದು ಯಾವ ದಿನ? ಕೊನೆಯ ನಲ್ಲಿಯ ನೀರನ್ನು ಪರೀಕ್ಷಿಸಿದವರು ಯಾರು, ಫಲವೇನು? ಚರಂಡಿಯೊಳಗೆ ಹಾಯುವ ಕೊಳವೆಗಳೆಷ್ಟು? ವಾಲ್ವಿನ ಗುಂಡಿಗಳಲ್ಲಿ ಕೊಳಕು ನೀರು ನಿಂತಿದೆಯೋ? ನೀರುಗಂಟಿಗೆ ಸಂಬಳವು ತಿಂಗಳು ತಿಂಗಳಿಗೆ ಸಲ್ಲುತ್ತಿದೆಯೋ? ಈ ಉತ್ತರಗಳನ್ನು ಪಂಚಾಯತಿಯ ಹಲಗೆಯ ಮೇಲೆ ಎಲ್ಲರೂ ಓದುವಂತೆ ಬರೆಯಿಸಿರಿ. ಊರಿನ ಆರೋಗ್ಯವನ್ನು ಬೆಳಗಿನ ಜಾವದಲ್ಲಿ ಎದ್ದು ಕಾಯತಕ್ಕವನು ನೀರುಗಂಟಿ. ಅವನ ಹೊಟ್ಟೆಗೆ ಹಾಕದೆ ಅವನಿಂದ ಎಚ್ಚರವನ್ನು ಬೇಡುವುದು ನ್ಯಾಯವಲ್ಲ.

ಪ್ರಶ್ನೆ ಕೇಳುವವರು ತಮ್ಮ ಕರ್ತವ್ಯವನ್ನೂ ಮಾಡಿರಬೇಕು. ನೀರಿನ ಕಂದಾಯವನ್ನು ಬಾಕಿ ಇಡಬೇಡಿರಿ. ನಲ್ಲಿಗೆ ಹಚ್ಚಿದ ಮೋಟಾರುಗಳನ್ನು ತೆಗೆದುಹಾಕಿರಿ. ನೀರಿನ ಬಣ್ಣವೋ ವಾಸನೆಯೋ ಬದಲಾದರೆ ಆ ದಿನವೇ ತಿಳಿಸಿರಿ. ಸಂಶಯವಿದ್ದಾಗ ಮರಳಿಸಿ ಆರಿಸಿದ ನೀರನ್ನೇ ಮಕ್ಕಳಿಗೆ ಕೊಡಿರಿ.

ಗ್ರಾಮಸ್ವರಾಜ್ಯವೆಂಬುದು ದೊಡ್ಡ ಮಾತು. ಅದು ನಮ್ಮಲ್ಲಿಗೆ ಎಷ್ಟರ ಮಟ್ಟಿಗೆ ಬಂದಿದೆಯೆಂದು ತಿಳಿಯಬೇಕಾದರೆ ಊರ ಕೊನೆಯ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿದರೆ ಸಾಕು. ಅದನ್ನು ಅನುಮಾನವಿಲ್ಲದೆ ಕುಡಿಯುವಂತಾಗಲಿ ಎಂದು ಹಾರೈಸುತ್ತೇನೆ.