ಊರು ಬಿಟ್ಟವರ ಹೆಸರಿನಲ್ಲಿ ಊರು



ನಮ್ಮ ಕಡೆಯ ಅಡ್ಡಹೆಸರುಗಳನ್ನು ಒಮ್ಮೆ ನೆನೆಸಿಕೊಳ್ಳಿ. ಅಣ್ಣಿಗೇರಿ, ನವಲಗುಂದ, ಮುಳಗುಂದ, ಕಲಘಟಗಿ, ಕುಂದಗೋಳ. ಅಣ್ಣಿಗೇರಿಯಲ್ಲೇ ಹುಟ್ಟಿ, ಅಲ್ಲೇ ಉತ್ತು ಬಿತ್ತಿ, ಅಲ್ಲೇ ಮಣ್ಣಾದವನನ್ನು ಆ ಊರಿನವರು ಅಣ್ಣಿಗೇರಿ ಎಂದು ಯಾಕೆ ಕರೆದಾರು? ಅವನು ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಬಂದಾಗ ಅಲ್ಲಿಯವರು 'ಅಣ್ಣಿಗೇರಿಯಿಂದ ಬಂದಾರ' ಎನ್ನುತ್ತಾರೆ. ಮಕ್ಕಳ ಕಾಲಕ್ಕೆ 'ಅಣ್ಣಿಗೇರಿಯವರು' ಆಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಬರೀ ಅಣ್ಣಿಗೇರಿ. ಬಿಟ್ಟು ಬಂದ ಊರು ಹೀಗೆ ಮನುಷ್ಯನ ಬೆನ್ನಿಗೆ ಅಂಟಿಕೊಳ್ಳುತ್ತದೆ. ನಾನು ಹುಟ್ಟಿದ್ದು ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿ. ನಮ್ಮ ಮನೆಯ ಅಡ್ಡಹೆಸರು ಬೇರೊಂದು ಊರಿನದು. ಆ ಊರನ್ನು ಯಾವಾಗ ಬಿಟ್ಟೆವು, ಯಾಕೆ ಬಿಟ್ಟೆವು ಎಂದು ಸಣ್ಣವಳಿದ್ದಾಗ ಅಪ್ಪನನ್ನು ಕೇಳಿದರೆ, 'ಹೆಳವ ಬಂದಾಗ ಕೇಳು' ಎನ್ನುತ್ತಿದ್ದ.

ಈ ಪ್ರಶ್ನೆ ನನ್ನ ತಲೆಯಲ್ಲಿ ಮತ್ತೆ ಎದ್ದದ್ದು ನನ್ನ ತಮ್ಮನ ಮಗಳಿಂದ. ಅವಳ ಸಂಸಾರ ಈಗ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸ್ಕ್ರಾಂಟನ್‌ನಲ್ಲಿದೆ. ಅದು ಕಲ್ಲಿದ್ದಲಿನ ಊರು. ಹಳೆಯ ಗಣಿಯೊಂದಕ್ಕೆ ಈಗ ನೋಡುವವರನ್ನು ಇಳಿಸುತ್ತಾರೆ. ಸುಮಾರು 300 ಅಡಿ ನೆಲದ ಕೆಳಗೆ. ಅದನ್ನು ನೋಡಿ ಬಂದ ರಾತ್ರಿ ಫೋನು ಮಾಡಿದಳು. 'ಅತ್ತಿ, ಇಲ್ಲಿ ನಮ್ಮ ಬಾಜೂ ಮನಿ ಅಜ್ಜ ತನ್ನ ಮುತ್ತಜ್ಜ ಐರ್ಲೆಂಡಿನ ಯಾವ ಊರಿಂದ ಬಂದಾ ಅಂತ ಹತ್ತು ವರ್ಷದಿಂದ ಹುಡುಕಾಕತ್ತಾನ. ನಿಮ್ಮ ಊರು ಯಾವುದು ಅಂತ ನನ್ನ ಕೇಳಿದ. ಕುಬಿಹಾಳ ಅಂದೆ. ಅದಕ್ಕಿಂತ ಮೊದಲು ಯಾವುದು ಅಂದ. ಏನ ಹೇಳ್ಲಿ?'

ಆ ನೆರೆಯ ಅಜ್ಜನ ಕಥೆ ಅವನೊಬ್ಬನದಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ, ನಾವು ಬಟಾಟಿ ಅನ್ನುವುದಕ್ಕೆ, ಕೊಳೆರೋಗ ಬಿತ್ತು. ಬಡವರಿಗೆ ಮೂರು ಹೊತ್ತಿನ ಊಟ ಅದೊಂದೇ. 1841ರಲ್ಲಿ ಆ ನಾಡಿನ ಜನಸಂಖ್ಯೆ ಸುಮಾರು 82 ಲಕ್ಷ. 1851ಕ್ಕೆ 65 ಲಕ್ಷದ ಆಸುಪಾಸು. ಹತ್ತು ಲಕ್ಷ ಜನ ಸತ್ತರು, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಪಡುವಣ ತೀರದ ಮೇಯೊ ಜಿಲ್ಲೆಯ ಬದುಕು ಎಲ್ಲಕ್ಕಿಂತ ಹದಗೆಟ್ಟಿತ್ತು. ಅಲ್ಲಿಯವರು ಅನೇಕರು ಸ್ಕ್ರಾಂಟನ್ ಸೇರಿದರು. ಇಂದಿಗೂ ಮೇಯೊದ ಬಲ್ಲಿನಾ ಎಂಬ ಊರಿಗೂ ಸ್ಕ್ರಾಂಟನ್‌ಗೂ ಸೋದರಿ ಊರುಗಳೆಂಬ ನಂಟಿದೆ. ಸ್ಕ್ರಾಂಟನ್‌ನಲ್ಲಿ 1942ರಲ್ಲಿ ಹುಟ್ಟಿದ ಜೋ ಬೈಡನ್, ಅಧ್ಯಕ್ಷರಾಗಿ 2023ರ ಏಪ್ರಿಲ್‌ನಲ್ಲಿ ಬಲ್ಲಿನಾಕ್ಕೆ ಹೋಗಿ ಅಲ್ಲಿಯ ದೊಡ್ಡ ಚರ್ಚಿನ ಮುಂದೆ ನಿಂತು ಮಾತಾಡಿದರು. ಆ ಚರ್ಚಿಗೆ ಇಟ್ಟಿಗೆ ಮಾರಿದ್ದವನು ಅವರ ಪೂರ್ವಜ ಎಡ್ವರ್ಡ್ ಬ್ಲೆವಿಟ್. ಜಗತ್ತಿನ ದೊಡ್ಡ ಕುರ್ಚಿಯಲ್ಲಿ ಕೂತವರಿಗೂ ಅಜ್ಜನ ಇಟ್ಟಿಗೆ ಕಾಣುವ ಆಸೆ. ನನಗೆ ಅದು ಬಹಳ ಹಿಡಿಸಿತು.

ಗಣಿಯ ಬದುಕು ಹೇಗಿತ್ತು ಎನ್ನುವುದನ್ನೂ ಹೇಳಬೇಕು. ಗಣಿ ಬಲ್ಲ ವೇಲ್ಸಿನವರು ಮೇಲಿನ ಕೆಲಸದಲ್ಲಿ, ಹೊಲ ಬಿಟ್ಟು ಬಂದ ಐರಿಷರು ಅವರ ಕೈಕೆಳಗೆ ಕೂಲಿಯಾಗಿ. ಮನೆ ಕಂಪನಿಯದು, ದಿನಸಿ ಅಂಗಡಿ ಕಂಪನಿಯದು, ಕಲ್ಲು ಸಿಡಿಸುವ ಮದ್ದೂ ದೀಪದ ಎಣ್ಣೆಯೂ ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದರು. ಎಂಟು-ಹತ್ತು ವರ್ಷದ ಹುಡುಗರು ಬಗ್ಗಿ ಕೂತು ಕಲ್ಲಿದ್ದಲಿನಿಂದ ಕಲ್ಲು ಆರಿಸುತ್ತಿದ್ದರು. 1875ರಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆದು ಮುರಿದುಬಿತ್ತು. ಆಮೇಲೆ ಮಾಲಿ ಮಗ್ವಯರ್ ಎಂಬ ಗುಪ್ತಕೂಟದವರೆಂದು, ಕೊಲೆಗಡುಕರೆಂದು, ಐರಿಷ್ ಗಣಿಗಾರರನ್ನು ಹಿಡಿದರು. ಗುಟ್ಟು ತಂದವನು ಗಣಿ ಮತ್ತು ರೈಲ್ವೆ ಕಂಪನಿಯ ಯಜಮಾನ ಬಾಡಿಗೆಗೆ ಹಿಡಿದ ಪತ್ತೇದಾರ. ನ್ಯಾಯಾಲಯದಲ್ಲಿ ಅವರ ವಿರುದ್ಧ ವಾದಿಸಲು ಆ ಯಜಮಾನನೇ ನಿಂತ. 1877ರ ಜೂನ್ 21ರಂದು ಒಂದೇ ದಿನ ಹತ್ತು ಜನರನ್ನು ಗಲ್ಲಿಗೇರಿಸಿದರು: ಪಾಟ್ಸ್‌ವಿಲ್‌ನಲ್ಲಿ ಆರು, ಮಾಕ್ ಚಂಕ್‌ನಲ್ಲಿ ನಾಲ್ಕು. ಆಮೇಲೆ ಇನ್ನೂ ಹತ್ತು. ಗಲ್ಲಿಗೇರಿದವರಲ್ಲಿ ಒಬ್ಬನಾದ ಜ್ಯಾಕ್ ಕೀಹೋಗೆ ಪೆನ್ಸಿಲ್ವೇನಿಯ ಸರಕಾರ 1979ರಲ್ಲಿ ಕ್ಷಮೆ ಘೋಷಿಸಿತು. ನೂರು ವರ್ಷ ತಡವಾಗಿ.

1877ರ ಜೂನ್ ಎಂದ ತಕ್ಷಣ ನನ್ನ ಮನಸ್ಸು ಇತ್ತ ಹೊರಳುತ್ತದೆ. ಆ ಜೂನ್‌ನಲ್ಲಿ ಧಾರವಾಡ ಸೀಮೆಯ ಎರಿಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. 1876 ಧಾತು ಸಂವತ್ಸರ, 1877 ಈಶ್ವರ ಸಂವತ್ಸರ. ನಮ್ಮ ಹಿರಿಯರ ಬಾಯಲ್ಲಿ ಅದು ಧಾತು ಬರ. ಅದಕ್ಕೆ ಸ್ವಲ್ಪ ಹಿಂದೆ, 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ನಿಂತು ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಅಮೆರಿಕದ ಬೀಜ ತಂದು ಇಲ್ಲಿ ಒಗ್ಗಿಸಿದ ಹತ್ತಿಗೆ 'ಧಾರವಾಡ-ಅಮೆರಿಕನ್' ಎಂದೇ ಹೆಸರು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಹತ್ತೇ ವರ್ಷಕ್ಕೆ ಮಳೆಯೂ ಕೈಕೊಟ್ಟಿತು. ಬರದ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಕಾಳಿನ ಬೆಲೆ, ಮೇಲೊಂದು ಆಣೆ ಸಾಕು ಎಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಗೊತ್ತು ಮಾಡಿದ. ದಿನವಿಡೀ ಕಲ್ಲು ಒಡೆಯುವ, ಮಣ್ಣು ಹೊರುವ ಆಳಿಗೆ ಅಷ್ಟು! ಪುಣೆಯ ಸಾರ್ವಜನಿಕ ಸಭೆ ಅದನ್ನು ಬಲವಾಗಿ ವಿರೋಧಿಸಿತು. 1872ರ ಜನಗಣತಿಯಲ್ಲಿ ಹತ್ತು ಲಕ್ಷದ ಸನಿಹವಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಒಂಬತ್ತು ಲಕ್ಷಕ್ಕಿಂತ ಕೆಳಗಿಳಿದಿತ್ತು. ಸತ್ತವರೆಷ್ಟು, ಗುಳೆ ಹೋಗಿ ತಿರುಗಿ ಬಾರದವರೆಷ್ಟು, ಆ ಎರಡನ್ನು ಜನಗಣತಿಯ ಅಂಕಿ ಬೇರೆ ಮಾಡಿ ತೋರಿಸುವುದಿಲ್ಲ.

ಐರ್ಲೆಂಡಿನ ಬರಕ್ಕೂ ನಮ್ಮ ಬರಕ್ಕೂ ಒಂದೇ ಆಳ್ವಿಕೆಯ ನೆರಳಿದೆ. ಅಲ್ಲಿ ಪರಿಹಾರದ ಹಣದ ಕೀಲಿಕೈ ಹಿಡಿದು, ಪೇಟೆಯ ವ್ಯಾಪಾರದಲ್ಲಿ ಸರಕಾರ ಕೈ ಹಾಕಬಾರದೆಂದು ಹಟ ಹಿಡಿದಿದ್ದ ಚಾರ್ಲ್ಸ್ ಟ್ರೆವೆಲಿಯನ್ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ. ನಮ್ಮ ಬರದಲ್ಲೂ ಅದೇ ಮಾತು, ಅದೇ ಬಿಗಿ ಮುಷ್ಟಿ, ದೇಶದಿಂದ ಹೊರಕ್ಕೆ ಹೋಗುತ್ತಿದ್ದ ಅದೇ ಕಾಳಿನ ಹಡಗು. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಐರ್ಲೆಂಡಿನ ಹಸಿವಿಗೆ ಮೊಟ್ಟಮೊದಲು ಮಿಡಿದು ಹಣ ಕೂಡಿಸಿದವರಲ್ಲಿ ಕಲ್ಕತ್ತೆಯವರು ಸೇರಿದ್ದಾರೆ.

ನಮ್ಮ ನಾಡಿನ ಗಣಿಯ ಬಾಗಿಲು ತೆರೆದದ್ದೂ ಒಬ್ಬ ಐರಿಷ್ ಮನುಷ್ಯನೇ ಎಂಬುದು ಇದನ್ನೆಲ್ಲ ಓದುವಾಗ ನನಗೆ ಸಿಕ್ಕಿತು. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್, ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದ ನಿವೃತ್ತ ಸೈನಿಕ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದು. ಜಾನ್ ವಾರನ್ ಎಂಬ ಅಧಿಕಾರಿ ಕೋಲಾರದ ಮಣ್ಣಿನಲ್ಲಿ ಚಿನ್ನವಿದೆಯೆಂದು ಬರೆದಿದ್ದ ಹಳೆಯ ಲೇಖನ ಓದಿ, ಊರೂರು ಅಲೆದು, 1875ರಲ್ಲಿ ಮೈಸೂರು ಸರಕಾರದಿಂದ ಗಣಿ ತೋಡುವ ಪರವಾನಗಿ ಪಡೆದ. ಅವನ ಕೈಯಲ್ಲಿ ಬಂಡವಾಳ ಇರಲಿಲ್ಲ, ಗಣಿ ಬೇರೆಯವರ ಪಾಲಾಯಿತು. ತಮಿಳು, ತೆಲುಗು ನಾಡಿನ ಬಡವರು ಸಾವಿರಗಟ್ಟಲೆ ಆ ಸುರಂಗಗಳಿಗೆ ಇಳಿದರು. 2001ರಲ್ಲಿ ಗಣಿ ಮುಚ್ಚಿದಾಗ ಅವರ ಮರಿಮಕ್ಕಳಿಗೆ ತಿರುಗಿ ಹೋಗುವ ಊರೇ ಉಳಿದಿರಲಿಲ್ಲ. ನಮ್ಮ ಹತ್ತಿರದ ಕಪ್ಪತಗುಡ್ಡದಲ್ಲೂ ಚಿನ್ನವಿದೆಯೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಬರೆದಿದ್ದ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಂಪನಿಗಳು ಬಂದು ತೋಡಿದವು. ಗಿಟ್ಟಲಿಲ್ಲ, ಬಿಟ್ಟು ಹೋದವು. ಹಾಗಾಗಿ ನಮ್ಮವರು ಗಣಿಗೆ ಬೀಳುವ ಬದಲು ರೈಲಿನ ಹಳಿ ಹಿಡಿದರು. ಬರದ ಪಾಠದಿಂದಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಕುಂದಗೋಳಕ್ಕೂ ಸ್ಟೇಷನ್ನು ಬಂತು. ಹುಬ್ಬಳ್ಳಿಯ ರೈಲ್ವೆ ಕಾರಖಾನೆಗೆ, ಮುಂಬೈಯ ಗಿರಣಿಗೆ, ಗೋವೆಗೆ ಜನ ಹರಿಯಿತು.

ಈಗ ಹೆಳವನ ಮಾತಿಗೆ ಬರುತ್ತೇನೆ. ಉತ್ತರ ಕರ್ನಾಟಕದ ಹಳ್ಳಿಯವರಿಗೆ ಹೆಳವರ ಪರಿಚಯ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಬೆಳೆದ ಮಕ್ಕಳಿಗಾಗಿ ಹೇಳುತ್ತೇನೆ. ಮನೆತನಗಳ ವಂಶಾವಳಿ ಹೇಳುವುದೇ ಅವರ ಕಸುಬು. ಹೆಳವ ಎಂದರೆ ಕಾಲಿಲ್ಲದವನು. ಕಾಲಿಲ್ಲದವನೊಬ್ಬನಿಗೆ ಶರಣರ ಕಾಲದಲ್ಲಿ ಎತ್ತು ಕೊಟ್ಟು, ಮನೆಮನೆಯ ಹಿರಿಯರ ಹೆಸರು ಹೇಳಿ ಬದುಕು ಎಂದರಂತೆ. ಅವರೇ ಹಾಗೆ ಹೇಳುತ್ತಾರೆ. ಕೆಲವು ವರ್ಷಕ್ಕೊಮ್ಮೆ ಸುಗ್ಗಿಯ ಮೇಲೆ, ಕೊರಳಗಂಟೆಯ ಎತ್ತಿನ ಮೇಲೆ ಕಾಲು ಮುಚ್ಚಿಕೊಂಡು ಕೂತು ನಮ್ಮ ಓಣಿಗೆ ಬರುತ್ತಿದ್ದ ಹೆಳವಜ್ಜನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಗಿಲ ಮುಂದೆ ಎತ್ತು ನಿಲ್ಲಿಸಿ ಬೆಡಗು, ಮೂಲ ಊರು, ಮೂಲಪುರುಷ, ಅವನ ಮಕ್ಕಳು, ಯಾರು ಯಾವ ಊರಿಗೆ ಒಡೆದು ಹೋದರು, ಒಂದೇ ಉಸಿರಿಗೆ ಹೇಳುತ್ತಿದ್ದ. ಅಪ್ಪ ಕೈಕಟ್ಟಿ ನಿಂತು ಕೇಳುತ್ತಿದ್ದ. ಗೌಡರ ಮುಂದೂ ಹಾಗೆ ನಿಂತದ್ದನ್ನು ನಾನು ಕಾಣೆ. ಆಮೇಲೆ ಮೊರದ ತುಂಬ ಜೋಳ, ಒಂದು ಜೊತೆ ಧೋತರ. ಮಗ ಹುಟ್ಟಿದ ವರ್ಷವಾದರೆ ಒಂದು ಕರು.

ಅವನ ಹಳೆಯ ಪುಸ್ತಕದಲ್ಲಿ ನಮ್ಮ ಮುತ್ತಜ್ಜನ ಅಣ್ಣನೊಬ್ಬನ ಹೆಸರಿತ್ತು. ಹೆಸರಿನ ಮುಂದೆ ಮಕ್ಕಳಿಲ್ಲ, ಊರಿಲ್ಲ. 'ಬರದಾಗ ಘಟ್ಟ ಇಳದ' ಎಂದಷ್ಟೇ. ನಮ್ಮ ಮನೆಯಲ್ಲಿ ಅವನ ಬಗ್ಗೆ ಉಳಿದದ್ದು ಆ ಮೂರು ಶಬ್ದ. ಘಟ್ಟದ ಕೆಳಗೆ ಯಾರೋ ಇಂದು ನಮ್ಮ ಊರಿನ ಹೆಸರನ್ನು ಅಡ್ಡಹೆಸರಾಗಿ ಇಟ್ಟುಕೊಂಡು ಅದು ಯಾವ ಊರೆಂದು ತಿಳಿಯದೆ ಇರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಐರಿಷರ ಹುಡುಕಾಟವೂ ಸರಿಯಾಗಿ ಇಲ್ಲೇ ತೊಡರುತ್ತದೆ. ಅಮೆರಿಕದ ಹಡಗುಗಳ ಪಟ್ಟಿ 1820ರಿಂದ ಇದೆ; ಆದರೆ ಬಹಳಷ್ಟು ಕಡೆ 'ಐರ್ಲೆಂಡ್' ಎಂದಷ್ಟೇ ಬರೆದಿದ್ದಾರೆ. ಊರು ಗೊತ್ತಿಲ್ಲದೆ ಅಲ್ಲಿಯ ಚರ್ಚಿನ ಪುಸ್ತಕ ತೆರೆಯುವುದು ಎಲ್ಲಿಂದ? ಹತ್ತೊಂಬತ್ತನೆಯ ಶತಮಾನದ ಜನಗಣತಿಯ ಉಳಿದಿದ್ದ ಪುಸ್ತಕಗಳು 1922ರಲ್ಲಿ ಡಬ್ಲಿನ್‌ನ ದಾಖಲೆ ಮನೆಗೆ ಬೆಂಕಿ ಬಿದ್ದಾಗ ಬಹುತೇಕ ಬೂದಿಯಾದವು. ಉಳಿದದ್ದರಲ್ಲಿ ಮುಖ್ಯವಾದದ್ದು 1847ರಿಂದ 1864ರವರೆಗೆ ತೆರಿಗೆಗಾಗಿ ಮಾಡಿದ ಗ್ರಿಫಿತ್ ಎಂಬ ಅಧಿಕಾರಿಯ ಜಮೀನು ಪಟ್ಟಿ. ನಮ್ಮಲ್ಲೂ 1840ರ ದಶಕದಲ್ಲಿ ವಿಂಗೇಟ್ ಮೊದಲಾದ ಬ್ರಿಟಿಷ್ ಸರ್ವೆ ಅಧಿಕಾರಿಗಳು ಧಾರವಾಡದ ಹೊಲಹೊಲ ಅಳೆದು ನಂಬರು ಹಾಕಿದರು. ಇಂದಿಗೂ ನಮ್ಮ ಉತಾರದಲ್ಲಿ ರಿ. ಸ. ನಂ., ಅಂದರೆ ರಿವಿಜನ್ ಸರ್ವೆ ನಂಬರು, ಎಂದು ಇರುತ್ತದಲ್ಲ, ಅದರ ಬೇರು ಅಲ್ಲಿದೆ. ಕುಂದಗೋಳದ ಹಳೆಯ ದಫ್ತರ ಹುಡುಕುವವರು ಇನ್ನೊಂದನ್ನು ನೆನಪಿಡಬೇಕು: ಸ್ವಾತಂತ್ರ್ಯದವರೆಗೂ ಕುಂದಗೋಳ ಜಮಖಂಡಿ ಸಂಸ್ಥಾನದ ತಾಲ್ಲೂಕಾಗಿತ್ತು. ಮನೆಯ ಸಂದೂಕಿನಲ್ಲಿ ವಾಟ್ನಿ ಪತ್ರವೋ ಖರೀದಿ ಪತ್ರವೋ ಇದ್ದರೆ ದಯವಿಟ್ಟು ಕಟ್ಟಿಗೆ ಒಲೆಗೆ ಹಾಕಬೇಡಿ.

ಕಾಗದಕ್ಕಿಂತ ಗಟ್ಟಿಯಾದದ್ದು ಕಲ್ಲು. ಪೆನ್ಸಿಲ್ವೇನಿಯದ ಐರಿಷ್ ಗೋರಿಕಲ್ಲುಗಳ ಚಿತ್ರ ತೆಗೆದು ನನ್ನ ಸೋದರಸೊಸೆ ಕಳಿಸಿದಳು. ಸತ್ತವನ ಹೆಸರಿನ ಕೆಳಗೆ, ಇಂಥ ಜಿಲ್ಲೆಯ ಇಂಥ ಊರಿನವನು ಎಂದು ಕೆತ್ತಿದೆ. ಜೀವವಿದ್ದಾಗ ಗಣಿಯ ರಜಿಸ್ಟರು ಅವನನ್ನು ಊರಿಲ್ಲದ ಕೂಲಿ ಮಾಡಿತ್ತು. ಹೆಸರಿನ ಮುಂದಿನ 'ಓ' ಕೂಡ ಎಷ್ಟೋ ಜನರದು ಹಾದಿಯಲ್ಲೇ ಉದುರಿತ್ತು. ಸತ್ತ ಮೇಲೆ ಹೆಂಡತಿ ಮಕ್ಕಳು ದುಡ್ಡು ಕೂಡಿಸಿ ಅವನಿಗೆ ಊರನ್ನು ತಿರುಗಿ ಕೊಟ್ಟರು. ಹುಡುಕುವವರಿಗೆ ಎಷ್ಟೋ ಸಲ ದಾರಿ ತೋರಿದ್ದು ಆ ಕಲ್ಲೇ.

ಯಾವ ದಾರಿಯೂ ಇಲ್ಲದವರೂ ಇದ್ದಾರೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಗಟಾರ ತೋಡುವಾಗ ನೂರಾರು ತಲೆಬುರುಡೆ ಹೊರಬಿದ್ದದ್ದು ನಿಮಗೆ ನೆನಪಿರಬೇಕು. ಯುದ್ಧವೋ ಬರವೋ ಎಂದು ವಿದ್ವಾಂಸರು ವಾದಿಸಿದರು. ನಾನು ಆ ಚಿತ್ರ ಪತ್ರಿಕೆಯಲ್ಲಿ ನೋಡಿ ಅಂದು ಊಟ ಮಾಡಲಿಲ್ಲ. ಅವೂ ಯಾರದೋ ಮನೆತನ.

ಹೆಳವರ ಬಗ್ಗೆ ಹೇಳುವಾಗ ಒಂದು ಕೊರತೆಯನ್ನೂ ಹೇಳಲೇಬೇಕು. ನಾನು ಕಂಡ ಪುಸ್ತಕದಲ್ಲಿ ಗಂಡುಮಕ್ಕಳ ಹೆಸರೇ ಹೆಸರು. ಹೆಣ್ಣು ಇನ್ನೊಂದು ಮನೆಗೆ ಹೋದಳು ಎಂದರೆ ಮುಗಿಯಿತು. ಎಲ್ಲಕ್ಕಿಂತ ಮೊದಲು ಊರು ಬಿಡುವವಳು ಹೆಣ್ಣುಮಗಳು, ಪ್ರತಿ ತಲೆಮಾರಿನಲ್ಲೂ ಬಿಡುವವಳು. ಅವಳ ದಾರಿ ಬರೆದವರಿಲ್ಲ. ಅವಳು ತವರನ್ನು ಬೀಸುಕಲ್ಲಿನ ಮುಂದೆ ಹಾಡಿಕೊಂಡಳು. ಈಗ ಆ ಕಲ್ಲೂ ಮೂಲೆ ಸೇರಿದೆ.

ಕಳೆದ ಸುಗ್ಗಿಯಲ್ಲಿ ಆ ಹೆಳವಜ್ಜನ ಮೊಮ್ಮಗ ಬಂದ. ಎತ್ತಿಲ್ಲ, ಮೋಟರ್ ಸೈಕಲ್ಲು. ಪುಸ್ತಕ ಮಾತ್ರ ಹಳೆಯ ಕೆಂಪು ಬಟ್ಟೆಯಲ್ಲಿ ಸುತ್ತಿತ್ತು. ನಾನು ಸೊಸೆಗೆ ಫೋನು ಹಚ್ಚಿ ಕೊಟ್ಟೆ. ಅವಳಿಗೆ ಅಲ್ಲಿ ಬೆಳಗಿನ ಜಾವ. ಅವನು ಒಂಬತ್ತು ತಲೆ ಹೆಸರು ಹೇಳಿದ; ಅವಳು ಆ ಕಡೆ ಉಸಿರು ಬಿಗಿಹಿಡಿದು ಬರೆದುಕೊಂಡಳು. ಘಟ್ಟ ಇಳಿದವನ ಹೆಸರನ್ನು ಎರಡು ಸಲ ಹೇಳಿಸಿದಳು. ಕೊನೆಗೆ ಅವನೇ ಕೇಳಿದ: 'ಅಕ್ಕಾರ, ನೀವು ಈಗ ಇರೂ ಊರಿನ ಹೆಸರೇನ್ರಿ?' ಅವಳು ಹೇಳಿದಳು. ಅವನಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ನನ್ನ ತಮ್ಮನ ಹೆಸರಿನ ಕೆಳಗೆ ಗೆರೆ ಎಳೆದು, ಮಗಳ ಹೆಸರು ಬರೆದು, ಅಕ್ಷರ ಅಕ್ಷರ ಕೂಡಿಸಿ 'ಸ್ಕ್ರಾಂಟನ್' ಎಂದು ಬರೆದ. ಆಮೇಲೆ ತಲೆ ಎತ್ತಿ, 'ಅದು ಯಾವ ತಾಲೂಕಿಗೆ ಬರ್ತದ್ರಿ ಅಕ್ಕಾರ?' ಎಂದ.